ಇಲ್ಲದ ಕಡೆ ಬಂದ ‘ಹ’

ಇದನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಸಂಜೆ ಕಾಲೇಜಿನಲ್ಲಿ ಕಲಿತವನು. ಹಗಲು ಹೊತ್ತಿನಲ್ಲಿ ಓದಿದವರು ನನ್ನ ವಿವರಣೆಯಲ್ಲಿ ತಪ್ಪು ಹುಡುಕಿದರೆ ಖಂಡಿತ ಸಿಗುತ್ತದೆ. ಆದರೆ ಆ ಗುರುವಾರ ಮಧ್ಯಾಹ್ನ ಒಂದೂಕಾಲಿಗೆ, ಹೂಟಗಳ್ಳಿಯ ನಮ್ಮ ಕಾರ್ಖಾನೆಯ ಟೆಸ್ಟ್ ಬೆಂಚಿನ ಮುಂದೆ ಕೂತು ಕೀಬೋರ್ಡ್ ಒತ್ತಿದವನು ನಾನೇ. ಇದನ್ನು ಬೇರೆಯವರು ಹೇಳಲಾರರು.

ಪರದೆಯ ಮೇಲೆ ಎರಡೇ ಪದ ಬಂತು: ಮುದ್ರೆ ತಪ್ಪು.

“ಇನ್ನೊಂದ್ಸಲ ನೋಡಿ,” ಎಂದರು ಪಕ್ಕದಲ್ಲಿದ್ದ ಚಾಮುಂಡೇಶ್ವರಿ ಮೇಡಂ. ಪೊಲೀಸ್ ಇಲಾಖೆ ಬಿಟ್ಟು ಸ್ವಂತ ಪತ್ತೇದಾರಿ ಕಚೇರಿ ನಡೆಸುವವರು. ಅವರ ದನಿ ಏರುವುದಿಲ್ಲ, ಇಳಿಯುವುದೂ ಇಲ್ಲ.

ಮತ್ತೆ ಒತ್ತಿದೆ. ಮುದ್ರೆ ತಪ್ಪು.

“ಇದು ಯಾವತ್ತಿನ ಸಾಲು ಜ್ಞಾನಪ್ಪನೋರೇ?”

“ಹೋದ ತಿಂಗಳು ಎಂಟನೇ ತಾರೀಖು ಮೇಡಂ. ನಾಲ್ಕು ಡಿಗ್ರಿ.”

“ಈಗ ಸೋಮವಾರದ್ದು ಹಾಕಿ. ತೆರೇಸಾ ಅವರನ್ನ ಕೆಲಸದಿಂದ ನಿಲ್ಸಿದ್ದು.”

ಸೋಮವಾರ ಮಧ್ಯಾಹ್ನ ಎರಡು ಗಂಟೆ, ಹತ್ತೊಂಬತ್ತು ಡಿಗ್ರಿ. ಒತ್ತಿದೆ.

ಮುದ್ರೆ ಸರಿ.

ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ತೆರೇಸಾ ಕಣ್ಣು ಮುಚ್ಚಿಕೊಂಡಳು. ಇಲವಾಲದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಲಸಿಕೆಯ ಸ್ಟೋರು ಅವಳ ಸುಪರ್ದಿಯಲ್ಲಿತ್ತು. ಅಲ್ಲಿನ ಫ್ರಿಜ್ಜಿಗೆ ಅಂಟಿಸಿದ ಬೂದು ಬಣ್ಣದ ಡಬ್ಬಿ ನಮ್ಮ ಕಾರ್ಖಾನೆಯದು. ಹತ್ತು ನಿಮಿಷಕ್ಕೊಮ್ಮೆ ಫ್ರಿಜ್ಜಿನ ಶಾಖವನ್ನು ಒಂದು ಸಾಲಾಗಿ ಬರೆದು, ಯಾರೂ ತಿದ್ದಬಾರದೆಂದು ಆ ಸಾಲಿಗೆ ಮುದ್ರೆ ಒತ್ತುತ್ತದೆ. ಸೋಮವಾರ ಮೂರು ಗಂಟೆ ಕಾಲ ಫ್ರಿಜ್ಜು ಬೆಚ್ಚಗಿತ್ತು ಎಂದು ಆ ಡಬ್ಬಿ ಹೇಳಿತ್ತು. ನಾನೂರು ಡೋಸು ಲಸಿಕೆ ಗುಂಡಿ ಸೇರಿತ್ತು. ಬಾಗಿಲು ಹಾಕದೆ ಹೋದಳು ಎಂಬ ಅಪವಾದ ತೆರೇಸಾಳ ಮೇಲೆ ಬಂದಿತ್ತು.

ಆವತ್ತು ನಾಲ್ಕು ಗಂಟೆಗೆ ಆಸ್ಪತ್ರೆಯ ವಿಚಾರಣಾ ಸಮಿತಿ ಕೂರುವುದಿತ್ತು. ಡಬ್ಬಿಯ ಮಾತು ನಿಜ ಎಂದಾದರೆ ಪೊಲೀಸರಿಗೆ ದೂರು. ಡಬ್ಬಿಯನ್ನು ಪರೀಕ್ಷೆಗೆ ತರಲು ಸಮಿತಿ ಒಪ್ಪಿತ್ತು. ಅದನ್ನು ಆರಿಸದೆ, ಒಳಗಿನ ಬ್ಯಾಟರಿಯ ಮೇಲೇ ಓಡಿಸುತ್ತ, ತೆರೇಸಾ ಮಡಿಲಲ್ಲಿಟ್ಟುಕೊಂಡು ತಂದಿದ್ದಳು.

“ನಿಜವಾದ ಸಾಲಿಗೆ ತಪ್ಪು ಅಂತದೆ. ಇವರು ಸುಳ್ಳು ಅಂತಿರೋ ಸಾಲಿಗೆ ಸರಿ ಅಂತದೆ,” ಎಂದರು ಮೇಡಂ. “ಹೋದ ತಿಂಗಳಿಂದು ಇಷ್ಟು ದಿನ ಯಾರೂ ನೋಡ್ಲಿಲ್ವಾ?”

“ಯಾಕೆ ನೋಡ್ತಾರೆ?” ಎಂದರು ಪ್ರದ್ಯುಮ್ನ. ನಮ್ಮ ಮುಖ್ಯ ಇಂಜಿನಿಯರ್. ಮುದ್ರೆ ಒತ್ತುವ ಪ್ರೋಗ್ರಾಂ ಬರೆದವರು. “ಜಗಳ ಇರೋದು ಸೋಮವಾರದ್ದು. ಹಳೇದು ಡಿಸ್ಕಲ್ಲಿ ಏನೋ ಕೆಟ್ಟಿರಬಹುದು. ಮುದ್ರೆ ಹಾಕೋದು ಕರ್ನಲ್ ಒಳಗೆ ಮೇಡಂ. ಅಲ್ಲಿಗೆ ಯಾರೂ ಕೈ ಹಾಕಕ್ಕಾಗಲ್ಲ.”

“ನಮ್ಮ ಇಲಾಖೇಲಿ ಸ್ಟ್ರಾಂಗ್ ರೂಂ ಬಗ್ಗೆಯೂ ಹಿಂಗೇ ಹೇಳ್ತಿದ್ರು,” ಎಂದರು ಮೇಡಂ. “ಕರ್ನಲ್ ಅಂದ್ರೇನು? ಜ್ಞಾನಪ್ಪನೋರು ಹೇಳಲಿ. ನಿಮ್ಮ ಭಾಷೆ ನಂಗೆ ಅರ್ಥ ಆಗಲ್ಲ.”

ನಾನು ಹೇಳಿದೆ. ನನಗೆ ಕಲಿಸಿದ್ದು ಹೀಗೆ: ಕರ್ನಲ್ ಎಂದರೆ ಯಂತ್ರದ ಒಳಮನೆ. ಹೊರಗಿನ ಪ್ರೋಗ್ರಾಂಗಳೆಲ್ಲ ಜಗಲಿಯಲ್ಲಿ ನಿಂತು ಕೇಳಬೇಕು, ಒಳಮನೆಯವರು ಮಾಡಿಕೊಡುತ್ತಾರೆ. ಗುಟ್ಟಿನ ಲೆಕ್ಕ ಹಾಕುವವರು ಆ ಒಳಮನೆಯಲ್ಲಿ ಹಲವರಿದ್ದಾರೆ. ಅವರಿಂದ ಕೆಲಸ ತೆಗೆದುಕೊಳ್ಳಲು ಒಂದು ಕ್ರಮ ಇದೆ. ಇಂಥ ಲೆಕ್ಕದವನು ಬೇಕು ಎಂದು ಹೆಸರು ಹಿಡಿದು ಕರೆಯಬೇಕು. ಬಂದವನ ಕೈಗೆ ಗುಟ್ಟಿನ ಕೀಲಿ ಕೊಡಬೇಕು. ಆಮೇಲೆ ಸಾಲು ಕೊಡಬೇಕು. ಅವನು ಸಾಲನ್ನೂ ಕೀಲಿಯನ್ನೂ ಸೇರಿಸಿ ಅರೆದು ಮುದ್ರೆ ಮಾಡಿ ಕೊಡುತ್ತಾನೆ.

“ಮುದ್ರೆ ಸರಿಯೋ ತಪ್ಪೋ ಅಂತ ನೋಡೋನು?”

“ಅವನೇ ಮೇಡಂ. ಅದೇ ಹೆಸರು ಕರೆದು, ಇನ್ನೊಂದ್ಸಲ ಮಾಡ್ಸಿ, ಎರಡೂ ಒಂದೇನಾ ಅಂತ ನೋಡ್ತೀವಿ.”

“ಒಂದೇ ಹೆಸರಿನೋರು ಇಬ್ಬರಿದ್ರೆ?”

ಈ ಪ್ರಶ್ನೆಯನ್ನು ಪ್ರದ್ಯುಮ್ನರು ಒಂದು ದಿನವೂ ಕೇಳಿಕೊಂಡಿರಲಿಲ್ಲ ಎಂಬುದು ಅವರ ಮುಖದಲ್ಲೇ ಗೊತ್ತಾಯಿತು.

“ಪ್ರತಿಯೊಬ್ಬನಿಗೂ ಆದ್ಯತೆ ಅಂತ ಒಂದು ಅಂಕಿ ಇರ್ತದೆ,” ಎಂದೆ. “ಯಾರದ್ದು ದೊಡ್ಡದೋ ಅವನು ಬರ್ತಾನೆ. ಕರೆದೋರು ಬಂದೋನ ಮುಖ ನೋಡಲ್ಲ. ಯಾರೋ ಬಂದ್ರಲ್ಲ, ಸಾಕು ಅಂತಾರೆ.”

“ನಮ್ಮೂರಲ್ಲೂ ಅಷ್ಟೇ. ಪುಟ್ಟಸ್ವಾಮಿ ಅಂತ ಕೂಗಿದ್ರೆ ಆರು ಜನ ಏಳ್ತಾರೆ. ಚೇರ್ಮನ್ ಪುಟ್ಟಸ್ವಾಮಿ ಎದ್ದ ಅಂದ್ರೆ ಮಿಕ್ಕೋರೆಲ್ಲ ಕೂತ್ಬುಡ್ತಾರೆ.” ಮೇಡಂ ನಗಲಿಲ್ಲ. “ಈ ಡಬ್ಬೀಲಿ ಎಷ್ಟು ಜನ ಪುಟ್ಟಸ್ವಾಮಿ ಇದಾರೆ, ನೋಡ್ರಿ.”

ಒಳಮನೆಯವರ ಪಟ್ಟಿಯನ್ನು ಕರ್ನಲ್ಲೇ ಇಟ್ಟುಕೊಂಡಿರುತ್ತದೆ. ಕೇಳಿದರೆ ತೋರಿಸುತ್ತದೆ, ಯಾರೂ ಕೇಳುವುದಿಲ್ಲ ಅಷ್ಟೆ. ನಾನು ಕೇಳಿದೆ.

ಒಬ್ಬನಿರಬೇಕಾದ ಕಡೆ ಇಬ್ಬರಿದ್ದರು. ಇಬ್ಬರಿಗೂ ಒಂದೇ ಹೆಸರು. ಮೊದಲಿನವನು ಹುಟ್ಟಿನಿಂದ ಇದ್ದವನು, ಆದ್ಯತೆ ನೂರು. ಎರಡನೆಯವನು ಹೊರಗಿನಿಂದ ತಂದು ಸೇರಿಸಿದ ಒಂದು ಮಾಡ್ಯೂಲು. ಒಳಮನೆಗೆ ಸೇರಿಸುವ ಪುಟ್ಟ ಪ್ರೋಗ್ರಾಮಿಗೆ ಹಾಗನ್ನುತ್ತಾರೆ. ಅದರ ಆದ್ಯತೆ ಒಂಬತ್ತು ಸಾವಿರ.

ಪ್ರದ್ಯುಮ್ನ ಕುರ್ಚಿಯಿಂದ ಎದ್ದರು.

“ಒಳಗೆ ಸೇರಿದ್ದು ಯಾವಾಗ?” ಎಂದರು ಮೇಡಂ.

ಕರ್ನಲ್ಲಿನ ದಿನಚರಿ ತೆಗೆದೆ. ಶನಿವಾರ ಬೆಳಿಗ್ಗೆ ಹನ್ನೊಂದೂ ನಲವತ್ತು. ಅಲ್ಲಿಂದಾಚೆಗೆ ಹತ್ತು ನಿಮಿಷಕ್ಕೊಂದರಂತೆ ಆ ಮಾಡ್ಯೂಲು ಒಂದೇ ಸಂದೇಶ ಬರೆದುಕೊಂಡು ಬಂದಿತ್ತು. ಎರರ್ ಇಲ್ಲ, ಅಂದರೆ ತಪ್ಪೇನೂ ಆಗಿಲ್ಲ, ಎಂದು ಹೇಳಲು ಹೊರಟ ಇಂಗ್ಲಿಷು. ಆದರೆ ಎರರ್ ಪದದ ಮುಂದೆ ಒಂದು ಹೆಚ್ ಬಂದು ಕೂತಿತ್ತು. ಪರದೆ ತುಂಬ ಸಾಲುಸಾಲಾಗಿ: ನೋ ಹೆರರ್. ನೋ ಹೆರರ್. ನೋ ಹೆರರ್.

“ಹೆರರ್ ಅಂತೆ,” ಪ್ರದ್ಯುಮ್ನ ನಕ್ಕರು. “ಯಾವನೋ ಅಡ್ಡಕಸುಬಿ.”

ನಾನು ನಗಲಿಲ್ಲ.

“ಅಡ್ಡಕಸುಬಿ ಅಲ್ಲ,” ಎಂದರು ಮೇಡಂ. “ಹೆದರಿಕೊಂಡಿರೋನು. ಬಾಯಲ್ಲಿ ಹ ಬಿಟ್ಟುಹೋಗ್ತದೆ ಅಂತ ಗೊತ್ತಿರೋನು. ಅದಕ್ಕೇ ಬೇಡದ ಕಡೆಯೂ ಒಂದು ಹಾಕವ್ನೆ. ಈ ಕಾರ್ಖಾನೇಲಿ ಹ ಬಿಡೋರು ಯಾರು? ಶನಿವಾರ ಇಲವಾಲಕ್ಕೆ ಹೋಗಿದ್ದೋರು ಯಾರು?”

ಎರಡು ಪ್ರಶ್ನೆಗೂ ಪ್ರದ್ಯುಮ್ನರ ಹತ್ತಿರ ಒಂದೇ ಉತ್ತರ ಇತ್ತು. ಸರ್ವಿಸ್ ಮಾಡಲು ಊರೂರು ಸುತ್ತುವ ದೇವರಾಜು.

ದೇವರಾಜು ಊಟದ ಕೈ ಒರೆಸಿಕೊಳ್ಳುತ್ತ ಬಂದ. ಮೇಡಂ ಅವನ ಮುಂದೆ ಒಂದು ಹಾಳೆ, ಪೆನ್ನು ಇಟ್ಟರು.

“ನಾನು ಹೇಳೋ ಇಂಗ್ಲಿಷ್ ಪದ ಬರೀರಿ.”

“ಏನ್ ಮೇಡಂ, ಈ ವಯಸ್ನಲ್ಲಿ ಉಕ್ತಲೇಖನಾನಾ? ತಪ್ಪು ಬರೆದ್ರೆ ಬೆಂಚ್ ಮೇಲೆ ನಿಲ್ಲುಸ್ತೀರಾ?”

“ಬೆಂಚ್ ತಡೆಯಲ್ಲ. ಬರೀರಿ. ಹೋಲ್ಡ್. ಎಂಟ್ರಿ. ಹೀಟ್. ಎರರ್.”

ಅವನು ಬರೆಯುವಾಗ ನಾನು ಅವನ ಕೈಯನ್ನೇ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ಅವನು ತಪ್ಪು ಬರೆಯಲಿ ಎಂದು ನನ್ನ ಮನಸ್ಸು ಬೇಡಿಕೊಂಡಿತು. ಆ ಬೇಡಿಕೆಯ ಬಗ್ಗೆ ನನಗೆ ಈಗಲೂ ನಾಚಿಕೆ ಇದೆ.

ನಾಲ್ಕೂ ಸರಿಯಾಗಿತ್ತು.

“ನಾಲಿಗೇಲಿ ಬರಾಕಿಲ್ಲ ಅಷ್ಟೇ ಮೇಡಂ. ಕೈಯಲ್ಲಿ ಬತ್ತದೆ,” ಎಂದ ದೇವರಾಜು. “ದಿನಕ್ಕೆ ಇಪ್ಪತ್ ರಿಪೋರ್ಟ್ ಬರೀತೀನಿ. ಎಲ್ಲಾದ್ರಲ್ಲೂ ಎರರ್ರೇ.”

“ಶನಿವಾರ ಅಲ್ಲಿ ಏನ್ ಮಾಡಿದ್ರಿ?”

“ಬ್ಯಾಟ್ರಿ ಬದಲಾಯಿಸ್ದೆ. ಲ್ಯಾಪ್‌ಟಾಪ್ ತಗಲಾಕಿ ಎಲ್ಲಾ ಸರಿ ಇದೆಯಾ ನೋಡ್ದೆ. ತೆರೇಸಮ್ಮ ಕಾಫಿಗೆ ಕರುದ್ರು, ಪಕ್ಕದ ರೂಮಿಗೆ ಓಗಿ ಕುಡುದ್ಬುಟ್ಟು ಬಂದೆ.”

“ಲ್ಯಾಪ್‌ಟಾಪ್?”

ದೇವರಾಜು ತಲೆ ಕೆರೆದುಕೊಂಡ. “ಅಂಗೇ ಬಿಟ್ಟಿದ್ದೆ. ಕೇಬಲ್ ಸಮೇತ. ಅತ್ತು ನಿಮಿಷ. ಲಸಿಕೆ ದಿನ ಮೇಡಂ, ಸ್ಟೋರಿಗೆ ಯಾರ್ಯಾರೋ ಬಂದು ಓಗ್ತಾವ್ರೆ.”

ಮೇಡಂ ಪ್ರದ್ಯುಮ್ನರ ಕಡೆ ತಿರುಗಿದರು. “ಸೋಮವಾರದ ಸಾಲು ಕಟ್ಟುಕತೆ ಅಂತ ಸಮಿತಿ ಕಣ್ಣಿಗೆ ಕಾಣೋ ಹಾಗೆ ತೋರಿಸಕ್ಕೆ ಎಷ್ಟು ಹೊತ್ತು ಬೇಕು?”

“ಈ ಮಾಡ್ಯೂಲು ನಾವು ಕೊಡೋ ಕೀಲಿ ಬಿಟ್ಟು ತನ್ನದೇ ಯಾವುದೋ ಕೀಲಿ ಬಳಸ್ತಿದೆ. ಅದಕ್ಕೇ ಹಳೇ ಸಾಲೆಲ್ಲ ತಪ್ಪು ಅಂತಿರೋದು. ಆ ಕೀಲಿ ಗೊತ್ತಿರೋರು ಯಾವ ಸಾಲಿಗೆ ಬೇಕಾದ್ರೂ ಮುದ್ರೆ ಮಾಡಬಹುದು. ಆದ್ರೆ ಬಿಚ್ಚಿ ಹುಡುಕಬೇಕು. ಎರಡು ದಿನ.”

“ಎರಡು ಗಂಟೆ ಇದೆ ನಮಗೆ.”

“ಆಗಲ್ಲ ಮೇಡಂ. ಸರ್ವಿಸ್‌ನೋರು ಏನೋ ಬಿಟ್ಟುಹೋಗಿದಾರೆ, ಅದಕ್ಕೂ ಬಾಗಿಲಿಗೂ ಸಂಬಂಧ ಇಲ್ಲ ಅಂತ ಸಮಿತಿ ಎದ್ದುಬಿಡತ್ತೆ.”

ಆಗ ತೆರೇಸಾ ಬಾಯಿಬಿಟ್ಟಳು. ಬಂದಾಗಿನಿಂದ ಅವಳು ಮಾತಾಡಿದ್ದು ಅದೇ ಮೊದಲು.

“ನಾನು ಬಾಗಿಲು ಹಾಕಿ ಎರಡು ಸಲ ಎಳೆದು ನೋಡ್ತೀನಿ ಕಣ್ರೀ. ಹದಿನಾಲ್ಕು ವರ್ಷದಿಂದ. ಒಂದ್ಸಲ ನನಗೆ, ಒಂದ್ಸಲ ಆ ಮಕ್ಕಳಿಗೆ.” ಅವಳು ಅಳಲಿಲ್ಲ. “ಇನ್ನು ಮೇಲೆ ಊರೋರು ತಮ್ಮ ಮಕ್ಕಳನ್ನ ನನ್ನ ಕೈಗೆ ಕೊಡ್ತಾರಾ?”

ನಮ್ಮಿಬ್ಬರದೂ ಒಂದೇ ಚರ್ಚು. ನನ್ನ ಮಗಳು ಏಂಜೆಲಿನ್‌ಗೆ ಎಲ್ಲ ಲಸಿಕೆ ಹಾಕಿದ್ದು ಅವಳೇ.

“ಮೇಡಂ, ಎರಡು ದಿನ ಬೇಡ,” ಎಂದೆ. “ಆ ಕೀಲಿ ನಂಗೊತ್ತು.”

ಮೂರು ಮುಖಗಳು ನನ್ನತ್ತ ತಿರುಗಿದವು. ಮೇಡಂ ಮಾತ್ರ ಮೊದಲೇ ನನ್ನನ್ನು ನೋಡುತ್ತಿದ್ದರು.

“ಎಂಗೆ ಗೊತ್ತು ಅಂದ್ರೆ...” ನನ್ನ ನಾಲಿಗೆ ತಪ್ಪಿತು. ಆಫೀಸಿನಲ್ಲಿ ಎಷ್ಟು ಜೋಪಾನ ಮಾಡಿದರೂ ಭಯ ಆದಾಗ ಹ ನನ್ನನ್ನು ಬಿಟ್ಟು ಓಡುತ್ತದೆ. “ಹೇಗೆ ಅಂದ್ರೆ, ಅದು ನಂದೇ ಮೇಡಂ. ನಾನು ಬರೆದಿದ್ದು.”

ಸಂಜೆ ಕಾಲೇಜಿನ ಕೊನೆಯ ವರ್ಷ ನಮಗೆ ಒಂದು ಅಭ್ಯಾಸ ಕೊಟ್ಟಿದ್ದರು. ಒಂದೇ ಹೆಸರಿನ ಇಬ್ಬರಲ್ಲಿ ಕರ್ನಲ್ ಯಾರನ್ನು ಆರಿಸುತ್ತದೆ ಎಂದು ತಿಳಿಯಲು, ಅದೇ ಹೆಸರಿನ ಇನ್ನೊಬ್ಬನನ್ನು ನಾವೇ ಬರೆದು ಸೇರಿಸಬೇಕು. ಅದಕ್ಕೂ ಮುಂಚಿನ ವಾರ ನಾನು ಬೋರ್ಡಿನ ಮೇಲೆ, ಸಾಲನ್ನು ಅರೆಯುವ ಆ ಲೆಕ್ಕದ ಹೆಸರಾದ ಹ್ಯಾಶ್ ಎಂಬುದನ್ನು ಬರೆಯಲು ಹೋಗಿ, ಹೆಚ್ ಬಿಟ್ಟು ಆಶ್ ಎಂದು ಬರೆದಿದ್ದೆ. “ಇದು ಬೂದಿ ಕಣಯ್ಯ,” ಎಂದರು ಮೇಷ್ಟ್ರು. ಹಗಲೆಲ್ಲ ದುಡಿದು ಬಂದ ಇಪ್ಪತ್ತು ಜನ ಹೊಟ್ಟೆ ಹಿಡಿದು ನಕ್ಕರು. ಇರುವ ಕಡೆ ಬಿಟ್ಟು ನಗಿಸಿಕೊಂಡವನು ಇಲ್ಲದ ಕಡೆ ಹಾಕಿ ಮಾನ ಉಳಿಸಿಕೊಳ್ಳಲು ನೋಡುತ್ತಾನೆ. ಹೆರರ್ ಹುಟ್ಟಿದ್ದು ಹಾಗೆ.

“ಕೀಲಿ ಏನು?”

“ಏಂಜೆಲಿನ್. ನನ್ನ ಮಗಳ ಹೆಸರು. ಆ ವಾರವೇ ಅವಳಿಗೆ ದೀಕ್ಷಾಸ್ನಾನ ಆಗಿತ್ತು.”

“ತೋರ್ಸಿ.”

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಹೊಸ ಸಾಲು ಬರೆದೆ. ಸೋಮವಾರ ಮಧ್ಯಾಹ್ನ ಮೂರು ಗಂಟೆ, ಫ್ರಿಜ್ಜಿನ ಒಳಗಿನ ಶಾಖ ನೂರು ಡಿಗ್ರಿ. ಮಗಳ ಹೆಸರನ್ನು ಕೀಲಿಯಾಗಿ ಕೊಟ್ಟು ಅದಕ್ಕೆ ಮುದ್ರೆ ಮಾಡಿದೆ. ಎರಡನ್ನೂ ಡಬ್ಬಿಗೆ ಕೊಟ್ಟು ಕೇಳಿದೆ.

ಮುದ್ರೆ ಸರಿ.

“ಲಸಿಕೆ ಕೊತಕೊತ ಕುದೀತಿತ್ತು ಅನ್ನಿ,” ಎಂದ ದೇವರಾಜು.

ಡಬ್ಬಿಯಲ್ಲಿದ್ದದ್ದಕ್ಕೆಲ್ಲ ಒಂದು ನಕಲು ತೆಗೆದಿಟ್ಟೆವು. ಆಮೇಲೆ ದಾಖಲೆ ಬರೆಯುವುದನ್ನು ನಿಲ್ಲಿಸಿ, ಮಾಡ್ಯೂಲನ್ನು ಒಳಮನೆಯಿಂದ ಹೊರಗೆ ಕಳಿಸಿದೆ. ಈಗ ಹೆಸರು ಕರೆದರೆ ಏಳುವವನು ಒಬ್ಬನೇ. ಕೇಳಿದೆ. ನೂರು ಡಿಗ್ರಿ: ಮುದ್ರೆ ತಪ್ಪು. ಸೋಮವಾರದ ಹತ್ತೊಂಬತ್ತು ಡಿಗ್ರಿ: ಮುದ್ರೆ ತಪ್ಪು. ಹೋದ ತಿಂಗಳ ನಾಲ್ಕು ಡಿಗ್ರಿ: ಮುದ್ರೆ ಸರಿ.

“ಮಾತೆ ಮರಿಯಮ್ಮ,” ಎಂದಳು ತೆರೇಸಾ, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ.

ಚಾಮುಂಡೇಶ್ವರಿ ಮೇಡಂ ಎದ್ದು ಮೇಜಿನ ಆ ಬದಿಗೆ ಒಂದು ಕುರ್ಚಿ ಎಳೆದರು.

“ಇಷ್ಟು ಹೊತ್ತು ನನ್ನ ಪಕ್ಕ ಕೂತಿದ್ರಿ ಜ್ಞಾನಪ್ಪನೋರೇ. ಈಗ ಎದುರಿಗೆ ಬನ್ನಿ.”

ಬಂದು ಕೂತೆ. ಹೇಳಬೇಕಾದ್ದನ್ನು ಹೇಳಿಯಾಗಿತ್ತು.

“ಹೆರರ್ ನೋಡಿದ ತಕ್ಷಣ ಗೊತ್ತಾಯ್ತು ಅಲ್ವಾ? ದೇವರಾಜು ಕೈಲಿ ಉಕ್ತಲೇಖನ ಬರೆಸೋವಾಗ ಸುಮ್ನೆ ಕೂತಿದ್ರಿ.”

“ಅವ್ದು ಮೇಡಂ. ಅದು ತಪ್ಪು.”

“ಒಂಬತ್ತು ಸಾವಿರ ಹಾಕಿದ್ದೂ ನೀವೇನಾ?”

“ಇಲ್ಲ. ನಾನು ಹಾಕಿದ್ದು ಒಂದು.”

“ಬರೀ ಒಂದಾ?”

“ಕಲಿಯೋಕೆ ಅಂತ ಮಾಡಿದ್ದು ಯಾರನ್ನೂ ದಾಟಿ ಮುಂದೆ ಹೋಗಬಾರ್ದು ಅನ್ನಿಸ್ತು ಮೇಡಂ. ಎಲ್ಲರಿಗಿಂತ ಹಿಂದೆ ಇರಲಿ ಅಂತ. ನಿನ್ನ ಪ್ರೋಗ್ರಾಂ ಸರಿಯಾಗಿದೆ, ಆದ್ರೆ ಅದನ್ನ ಯಾರೂ ಯಾವತ್ತೂ ಕರೆಯಲ್ಲ ಅಂತ ಮೇಷ್ಟ್ರು ಬರೆದುಕೊಟ್ಟಿದ್ರು.”

ಮೇಡಂ ಮೊದಲ ಸಲ ನಕ್ಕರು, ಒಂದೇ ಒಂದು ಗಳಿಗೆ. “ಯಾರೋ ಕರೆದಿದಾರೆ. ಎಷ್ಟು ಪ್ರತಿ ಇದೆ?”

“ಎರಡು. ಒಂದು ಬೋಗಾದಿಲಿ, ನಮ್ಮನೆ ಬೀರುವಲ್ಲಿ. ಇನ್ನೊಂದು ಪೆನ್‌ಡ್ರೈವಲ್ಲಿ ಹಾಕಿ ಕೊಟ್ಟೆ. ಒಂದು ತಿಂಗಳಾಯ್ತು.”

“ಯಾರಿಗೆ?”

ನಾನು ಹೇಳುವ ಮೊದಲೇ ಗೋಡೆಯ ಕಡೆಯಿಂದ ಉತ್ತರ ಬಂತು.

“ನನ್ನ ಕೈಗೆ,” ಎಂದಳು ತೆರೇಸಾ. “ನನ್ನ ತಮ್ಮ ಮಾರ್ಟಿನ್ ಇದನ್ನೇ ಓದ್ತಿದಾನೆ. ಭಾನುವಾರ ಬಲಿಪೂಜೆ ಮುಗಿಸ್ಕೊಂಡು ಜ್ಞಾನಪ್ಪಣ್ಣನ ಮನೆಗೆ ಹೋಗಿ ಇಸ್ಕೊಂಡೆ. ಅವನಿಗೆ ಕೊಡೋದು ಮರ್ತೇಹೋಯ್ತು. ಪರ್ಸಲ್ಲೇ ಇದೆ.”

ಅವಳು ಪರ್ಸು ತೆಗೆದು ಮೇಜಿನ ಮೇಲೆ ಸುರಿದಳು. ಜಪಮಾಲೆ, ಬಸ್ ಪಾಸು, ಮನೆ ಬೀಗದ ಕೈ, ತಲೆನೋವಿನ ಮಾತ್ರೆ, ಮಡಚಿದ ಕರವಸ್ತ್ರ. ಒಳಗೆ ಕೈ ಹಾಕಿ ಮೂಲೆ ಮೂಲೆ ತಡಕಿದಳು. ಪರ್ಸನ್ನು ತಿರುವಿ ಒದರಿದಳು.

ಪೆನ್‌ಡ್ರೈವ್ ಇರಲಿಲ್ಲ.

“ಸ್ಟೋರಲ್ಲಿ ಪರ್ಸು ಮೇಜಿನ ಮೇಲೇ ಇಟ್ಟಿರ್ತೀನಿ,” ಎಂದಳು. “ದಿನಾ.”

ಪ್ರದ್ಯುಮ್ನ ನಿಧಾನವಾಗಿ ಹೇಳಿದರು. “ಕೆಟ್ಟ ಮನಸ್ಸಿಂದ ಹೇಳ್ತಿಲ್ಲ ಮೇಡಂ. ಆದ್ರೆ ಸಮಿತಿ ಕೇಳತ್ತೆ. ಮಾಡ್ಯೂಲು ಇದ್ದದ್ದು ಇವರ ಪರ್ಸಲ್ಲಿ. ದೇವರಾಜುನ ಕಾಫಿಗೆ ಕರೆದೋರು ಇವರು. ಡಬ್ಬಿ ಮಾತನ್ನ ಯಾರೂ ನಂಬದ ಹಾಗೆ ಮಾಡಿದ್ರೆ ಬಾಗಿಲು ತೆಗೆದಿಟ್ರೂ ಗೊತ್ತಾಗಲ್ಲ ಅಂತ ಇವರೇ ಯಾಕೆ ಸೇರಿಸಿರಬಾರದು?”

ಅರ್ಧ ಗಂಟೆ ಹಿಂದೆ ಅವಳನ್ನು ಬಿಡಿಸಿದ ಸಾಕ್ಷಿಯೇ ಈಗ ಅವಳಿಗೆ ಎದುರಾಗಿ ನಿಂತಿತು. ಅದನ್ನು ಮೇಜಿನ ಮೇಲೆ ತಂದಿಟ್ಟವನು ನಾನು.

ಮೇಡಂ ಅವಳನ್ನು ನೋಡಲಿಲ್ಲ. ನನ್ನನ್ನೇ ಕೇಳಿದರು. “ಒಂದು ಇದ್ದದ್ದನ್ನ ಒಂಬತ್ತು ಸಾವಿರ ಮಾಡಬೇಕಾದ್ರೆ ಪ್ರೋಗ್ರಾಂ ತಿದ್ದಿ ಮತ್ತೆ ಕಟ್ಟಬೇಕು ಅಲ್ವಾ? ಈ ಡಬ್ಬಿ ಒಳಮನೆಗೆ ಹೊಂದೋ ಹಾಗೆ. ಅದನ್ನ ಎಲ್ಲಿ ಮಾಡಬಹುದು?”

ಇದು ನನಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಉತ್ತರ ಕೊಡಲು ಒಂದು ಉಸಿರು ಬೇಕಾಯಿತು.

“ಈ ಡಬ್ಬಿ ಕರ್ನಲ್ಲು ನಾವೇ ಕಟ್ಟಿರೋದು ಮೇಡಂ. ಅದರ ಕಡತ ಹೊರಗೆ ಎಲ್ಲೂ ಕೊಟ್ಟಿಲ್ಲ. ಹೊಂದೋ ಹಾಗೆ ಕಟ್ಟೋಕೆ ಈ ರೂಮಲ್ಲಿ ಮಾತ್ರ ಆಗತ್ತೆ.”

“ಯಾವ ಯಂತ್ರದಲ್ಲಿ?”

“ಎರಡರಲ್ಲಿ. ಒಂದು ನಂದು.”

ಇನ್ನೊಂದು ಯಾರದ್ದು ಎಂದು ಮೇಡಂ ಕೇಳಲಿಲ್ಲ. ಪ್ರದ್ಯುಮ್ನರ ಕೈ ಅವರ ಮೇಜಿನ ಮೇಲಿದ್ದ ಕಂಪ್ಯೂಟರಿನ ಮೇಲೆ ಇತ್ತು. ಅವರು ಅದನ್ನು ತೆಗೆಯಲಿಲ್ಲ.

“ಮೂರು ಗಂಟೆ,” ಎಂದರು ಮೇಡಂ, ಡಬ್ಬಿಯನ್ನು ತೆರೇಸಾಳ ಕೈಗೆ ಕೊಡುತ್ತ. “ಹೊರಡೋಣ. ಪರ್ಸಿನ ವಿಷಯವೂ ಹೇಳ್ತೀವಿ, ರೂಮಿನ ವಿಷಯವೂ ಹೇಳ್ತೀವಿ. ಅರ್ಧ ಹೇಳಿ ಬಿಡಿಸಿಕೊಂಡೋರು ಇನ್ನರ್ಧಕ್ಕೆ ಸಿಕ್ಕಿಹಾಕ್ಕೋತಾರೆ. ದೇವರಾಜು, ನಾವು ಬರೋವರೆಗೂ ಈ ಬಾಗಿಲಲ್ಲಿ ಕೂತಿರಿ. ಈ ಎರಡು ಯಂತ್ರ ಯಾರೂ ಮುಟ್ಟಬಾರ್ದು. ಇವರಿಬ್ಬರೂ ಕೂಡ.”

ಅವರು ಬೆರಳು ತೋರಿಸಿದ್ದು ಪ್ರದ್ಯುಮ್ನರ ಕಡೆ ಮತ್ತು ನನ್ನ ಕಡೆ.

ಹೊರಗೆ ಬಂದಾಗ ಹಿಂದೆ ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ತೆರೇಸಾ ತಿರುಗಿ ನಿಂತು ಅದರ ಹಿಡಿಯನ್ನು ಎರಡು ಸಲ ಎಳೆದು ನೋಡಿದಳು.

ನನಗೆ ಗೊತ್ತಿರುವುದು ಇಷ್ಟು. ಆ ಮಾಡ್ಯೂಲನ್ನು ಬರೆದವನು ನಾನು. ಒಂಬತ್ತು ಸಾವಿರ ಎಂಬ ಅಂಕಿ ನನ್ನದಲ್ಲ. ಆದರೆ ಇಲವಾಲದ ಒಂದು ಪರ್ಸಿನಿಂದ ಹೂಟಗಳ್ಳಿಯ ಆ ರೂಮಿಗೆ ಆ ಪೆನ್‌ಡ್ರೈವ್ ಹೇಗೆ ಬಂತು, ಯಾರ ಕೈಯಲ್ಲಿ ಬಂತು, ಅಥವಾ ಬಂದದ್ದು ಪರ್ಸಿನ ಪ್ರತಿಯೋ ನನ್ನ ಬೀರುವಿನ ಪ್ರತಿಯೋ ಎಂಬುದು, ನಾಲ್ಕು ಗಂಟೆಗೆ ಸಮಿತಿಯ ಮುಂದೆ ಎದ್ದು ನಿಂತಾಗ, ನನಗೆ ಗೊತ್ತಿರಲಿಲ್ಲ.